ಕುಚೇಲನಾಗಲು ನಲವತ್ತು ದಿನ

"ಈ ಸಲ ಕುಚೇಲ ನಾನೇ! ಬೇಕಾದ್ರೆ ಬರೆದಿಟ್ಕೊ!" ಎಂದು ಜಟ್ಟಪ್ಪ ಮಾಸ್ತರು ಮಣೆಯ ಮೇಲೆ ಕೂತು ಘೋಷಿಸಿದಾಗ ಅವರ ಕೈಯಲ್ಲಿ ನಾಲ್ಕನೆಯ ದೋಸೆಯಿತ್ತು.

"ಕುಚೇಲ ಆಗೂದು ಆಮೇಲಾತು. ಐದನೇದು ಹಾಕ್ಲಾ, ಬೇಡ್ವಾ?" ಎಂದು ಹೆಂಡತಿ ಮಂಜಮ್ಮ ಕೇಳಿದಳು.

"ಹಾಕು. ಕುಚೇಲ ನಾಳೆಯಿಂದ."

ಮಾಸ್ತರ ಸಂಕಟ ಸಣ್ಣದೇನಲ್ಲ. ಹೊನ್ನಾವರದ ಆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಸ್ತರುಗಳೇ ಸೇರಿ ನಾಟಕ ಆಡುವ ಪದ್ಧತಿ. ಎಂಟು ವರ್ಷ ಎಂಟು ನಾಟಕ! ಎಂಟರಲ್ಲೂ ಜಟ್ಟಪ್ಪ ಮಾಸ್ತರಿಗೆ ರಾಕ್ಷಸನ ಪಾತ್ರವೇ. ಕಂಠ ಕೇಳಿದರೆ ಕೋಗಿಲೆ, ದೇಹ ನೋಡಿದರೆ ಬಕಾಸುರ. ಮಕ್ಕಳಂತೂ ಮರೆಯಲ್ಲಿ 'ಬಕ ಮಾಸ್ತರು' ಎಂದೇ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಮಾಸ್ತರಿಗೆ ಅವಮಾನವಾಗುತ್ತಿತ್ತು. ಒಂದೇ ಒಂದು ಸಲ ರಂಗದ ಮೇಲೆ ಜನರನ್ನು ಅಳಿಸಬೇಕು; ಹೆದರಿಸಿದ್ದು ಸಾಕು!

ಅರವತ್ಮೂರನೇ ಇಸವಿಯಲ್ಲಿ ಆ ಯೋಗ ಬಂತು. ಆ ವರ್ಷದ ನಾಟಕ ಕುಚೇಲನ ಕತೆ; ಯಾವಾಗಲೂ ಅಳಿಸುವ ಪಾತ್ರ ಮಾಡುತ್ತಿದ್ದವರಿಗೆ ಕುಮಟೆಗೆ ವರ್ಗವಾಯಿತು. ಉಳಿದವರಲ್ಲಿ ಕುಚೇಲನ ಹಾಡು ಹೇಳಬಲ್ಲವರು ಇಬ್ಬರೇ: ಜಟ್ಟಪ್ಪ ಮಾಸ್ತರು, ಮತ್ತು ಚಿತ್ರಕಲೆಯ ಲಿಂಗಪ್ಪ ಮಾಸ್ತರು. ಲಿಂಗಪ್ಪನೂ ಕಡ್ಡಿಯೇನಲ್ಲ, ಮುಕ್ಕಾಲು ಜಟ್ಟಪ್ಪ! ಹೆಡ್ಮಾಸ್ತರರು ಹೊಲಿಗೆ ತರಗತಿಯ ಟೇಪು ತರಿಸಿ ಇಬ್ಬರ ಸೊಂಟವನ್ನೂ ಅಳೆದರು. ಜಟ್ಟಪ್ಪ ನಲವತ್ನಾಲ್ಕು ಇಂಚು. ಲಿಂಗಪ್ಪ ನಲವತ್ತು.

"ನಲವತ್ತು ದಿನ ಅವಕಾಶ. ಯಾರ ಸೊಂಟ ಹೆಚ್ಚು ಇಳೀತದೋ ಅವರೇ ಕುಚೇಲ. ಹೊಟ್ಟೆ ಬಿಟ್ಟ ಕುಚೇಲ ಬಂದ್ರೆ ಕೃಷ್ಣನೇ ಅವನ ಹತ್ರ ಅವಲಕ್ಕಿ ಬೇಡಬೇಕಾದೀತು!" ಎಂದರು ಹೆಡ್ಮಾಸ್ತರರು.

ಮಂಜಮ್ಮ ಸೆರಗು ಸಿಕ್ಕಿಸಿ ನಿಂತೇಬಿಟ್ಟಳು. ಮರುದಿನದಿಂದ ದೋಸೆ ಬಂದ್, ತೆಂಗಿನಕಾಯಿ ಬಂದ್. ಮಧ್ಯಾಹ್ನದ ಬುತ್ತಿಗೆ ಹುರುಳಿ ಸಾರು, ಬಾಳೆದಿಂಡಿನ ಪಲ್ಯ, ಒಂದೆಲಗದ ತಂಬುಳಿ, ಒಂದು ಹಿಡಿ ಕುಚಲಕ್ಕಿ ಅನ್ನ. ಮೂರನೆಯ ದಿನಕ್ಕೇ ಮಾಸ್ತರಿಗೆ ಜೀವನದಲ್ಲಿ ವೈರಾಗ್ಯ ಬಂತು.

"ಹುರುಳಿ ಕುದುರೆ ತಿನ್ನೂದು ಮಾರಾಯ್ತಿ!"

"ಕುದುರೆಗೆ ಹೊಟ್ಟೆ ಬಂದದ್ದು ಕಂಡ್ರಾ? ಸುಮ್ನೆ ತಿನ್ನಿ."

ಅಂಥ ದುಃಖದ ಒಂದು ಸಂಜೆ, ಯಾರೋ ತಂದುಕೊಟ್ಟ ಭಟ್ಕಳದ ಹಲ್ವವನ್ನು ಮಾಸ್ತರು ಶಾಲೆಯ ಹಿಂದೆ ಕೂತು ಕದ್ದು ತಿನ್ನುತ್ತಿದ್ದರು. ಹಲ್ವ ಮುಗಿದ ಮೇಲೆ, ಸುತ್ತಿದ್ದ ಉರ್ದು ಪತ್ರಿಕೆಯ ಚೂರಿನ ಮೇಲೆ ಕಣ್ಣು ಬಿತ್ತು. ಅಕ್ಷರ ಒಂದೂ ಗೊತ್ತಾಗಲಿಲ್ಲ. ಆದರೆ ಚಿತ್ರಕ್ಕೆ ಭಾಷೆ ಬೇಕೆ? ಎಡಗಡೆ ಒಬ್ಬ ಗುಂಡು ಮನುಷ್ಯ. ನಡುವೆ ಲೇಹ್ಯದ ಒಂದು ಭರಣಿ. ಬಲಗಡೆ, ಎದೆಯ ಎಲುಬು ಎಣಿಸಬಹುದಾದಂಥ ಒಬ್ಬ ಬಡಕಲು ಮನುಷ್ಯ! ಗುಂಡನೆಯವನು ನಗುತ್ತಿದ್ದ, ಬಡಕಲನ ಮುಖ ಬಾಡಿತ್ತು. ಹೊಟ್ಟೆ ಕಳೆದುಕೊಂಡವನಿಗೆ ಅಷ್ಟೂ ದುಃಖ ಆಗದಿದ್ದರೆ ಹೇಗೆ ಎಂದು ಮಾಸ್ತರು ಒಪ್ಪಿಕೊಂಡರು.

ಆ ಶನಿವಾರವೇ ಭಟ್ಕಳಕ್ಕೆ ಹೊರಟರು. ಶರಾವತಿ ದಾಟಿಸುವ ದೋಣಿಯ ತಿಮ್ಮ ಅವರನ್ನು ನೋಡಿದವನೇ, "ಮಾಸ್ತರೇ, ನೀವು ನಡೂಗೇ ಕೂತ್ಕಣಿ. ಬದಿಗೆ ಕೂತ್ರೆ ಎಲ್ಲರೂ ಸೇರಿ ಮೀನಿಗೆ ಆಹಾರ!" ಎಂದ. ದೋಣಿಯವರೆಲ್ಲ ನಕ್ಕರು. ನಗಿ, ನಗಿ, ಇನ್ನು ಕೆಲವೇ ದಿನ ಎಂದು ಮಾಸ್ತರು ಹಲ್ಲು ಕಚ್ಚಿದರು.

ಭಟ್ಕಳದ ಪೇಟೆಯಲ್ಲಿ ಯುನಾನಿ ಔಷಧಿಯ ಮೊಹಿದ್ದೀನ್ ಸಾಹೇಬರು ಚಿತ್ರ ನೋಡಿದರು, ಮಾಸ್ತರ ಹೊಟ್ಟೆ ನೋಡಿದರು, ಮತ್ತೆ ಚಿತ್ರ ನೋಡಿದರು.

"ಯಾರಿಗೆ ಮಾಸ್ತರೇ? ನಿಮಗಾ?"

ಮಾಸ್ತರಿಗೆ ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ಛೆ, ಛೆ! ನನಗೆಂತಕ್ಕೆ? ನನ್ನ ಭಾವನಿಗೆ. ಪಾಪ, ಅವನಿಗೆ ಮೈಯದ್ದೇ ಚಿಂತೆ."

ಸಾಹೇಬರ ಮುಖ ಅರಳಿತು. "ಹಾಗೆ ಹೇಳಿ! ದಿನಕ್ಕೆ ಎರಡು ಚಮಚ, ಹಾಲಿನ ಸಂಗಡ. ಹಸಿವೆ ಆದ್ರೆ ಔಷಧಿ ಹಿಡೀತು ಅಂತ ಅರ್ಥ, ತಡೀಬಾರ್ದು. ನಲವತ್ತು ದಿನ ಬಿಟ್ಟು ನೋಡಿ, ನಿಮ್ಮ ಭಾವನ ಗುರುತೇ ಸಿಗೂದಿಲ್ಲ!"

ಭರಣಿ ಶಾಲೆಯ ಕಪಾಟಿನಲ್ಲಿ ಭೂಪಟಗಳ ಹಿಂದೆ ಕೂತಿತು. ಎಂಥ ಲೇಹ್ಯ ಅಂತೀರಿ! ತುಪ್ಪ, ಬಾದಾಮಿ, ಕೇಸರಿಯ ಘಮಘಮ! ಹುರುಳಿ ಎಲ್ಲಿ, ಇದೆಲ್ಲಿ! ವಿಜ್ಞಾನ ಎಂದರೆ ಇದು ಎಂದು ಮಾಸ್ತರು ಚಮಚ ನೆಕ್ಕಿದರು. ವಾರದೊಳಗೆ ಹಸಿವೆಯೂ ಶುರುವಾಯಿತು, ಅಂದರೆ ಔಷಧಿ ಹಿಡಿಯಿತು. ತಡೆಯಬಾರದಲ್ಲ! ಮಧ್ಯಾಹ್ನದ ಗಂಟೆ ಹೊಡೆದದ್ದೇ ತಡ, ಮಾಸ್ತರು ಶಾಲೆಯೆದುರಿನ ಹೊಟೆಲಿನಲ್ಲಿ ಹಾಜರು. ನಾಲ್ಕು ಬನ್ಸ್, ಒಂದು ಪ್ಲೇಟು ಗೋಳಿಬಜೆ, ಮೇಲೊಂದು ಲೋಟ ಹಾಲು.

ಹಾಗಾದರೆ ಮಂಜಮ್ಮನ ಬುತ್ತಿ? ಅಲ್ಲೇ ಮಾಸ್ತರ ತಲೆ ಕುದುರೆಗಿಂತ ಜೋರಾಗಿ ಓಡಿದ್ದು. ಲಿಂಗಪ್ಪನ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಆತ ಹೊಟೆಲಿನಲ್ಲೇ ಉಣ್ಣುತ್ತಿದ್ದ. ಹೊಟೆಲೂಟದ ಮೇಲೆ ಈ ಬುತ್ತಿಯೂ ಬಿದ್ದರೆ ಅವನ ಸೊಂಟ ಐವತ್ತು ಇಂಚು ಮುಟ್ಟದೆ ಇದ್ದೀತೇ?

"ಲಿಂಗಪ್ಪ, ಮನೆ ಊಟ ಇಲ್ದೆ ಸೊರಗಿ ಹೋದ್ಯಲ್ಲೋ! ತಕ, ದಿನಾ ನನ್ನ ಬುತ್ತಿ ನಿಂಗೇ!"

ಲಿಂಗಪ್ಪನ ಕಣ್ಣಲ್ಲಿ ನೀರು ಬಂತು. "ಜಟ್ಟಣ್ಣ, ಪಾತ್ರಕ್ಕೆ ಪೈಪೋಟಿ ಇದ್ರೂ ಎಷ್ಟು ದೊಡ್ಡ ಮನಸ್ಸು ನಿಂದು!"

ದೊಡ್ಡ ಮನಸ್ಸಿನ ಜೊತೆಗೆ ಮಾಸ್ತರ ಉಳಿದದ್ದೆಲ್ಲವೂ ದೊಡ್ಡದಾಗುತ್ತ ಬಂತು. ಅಂಗಿಯ ಗುಂಡಿ ಹಾರಿ ಸಾರಿನ ಪಾತ್ರೆಗೆ ಬಿದ್ದ ದಿನ ಮಂಜಮ್ಮ ತಲೆ ಮೇಲೆ ಕೈ ಹೊತ್ತಳು.

"ನಾ ದಿನಾ ಹುರುಳಿ ಬೇಯಿಸ್ತೆ, ನಿಮ್ಮ ಗುಂಡಿ ಹಾರ್ತದೆ! ಎಂತ ಕತೆ ಇದು?"

"ಒಳಗಿನ ಕೊಬ್ಬು ಹೊರಗೆ ಬರ್ತಾ ಅದೆ. ಬಂದದ್ದು ಹೋಗೂಕೆ ನಾಲ್ಕು ದಿನ ಬೇಡ್ವಾ?" ಎಂದು ಮಾಸ್ತರು ಪಾಠ ಮಾಡಿದರು. ಎರಡನೆಯ ಭರಣಿ ತರಲು ಹೋದಾಗ ತಿಮ್ಮ ಅವರೊಬ್ಬರನ್ನೇ ದಡದಲ್ಲಿ ನಿಲ್ಲಿಸಿ, "ನೀವು ಮುಂದಿನ ಸುತ್ತಿಗೆ ಬನ್ನಿ ಮಾಸ್ತರೇ, ಇದ್ರಲ್ಲಿ ಆಗ್ಲೇ ಅಕ್ಕಿ ಮೂಟೆ ಅದೆ" ಎಂದ.

ನಲವತ್ತನೆಯ ದಿನ ಟೇಪು ಬಂತು. ಲಿಂಗಪ್ಪನಿಗೆ ಮೂವತ್ತೈದು! ಜಟ್ಟಪ್ಪ ಮಾಸ್ತರ ಸರದಿ ಬಂದಾಗ ಹೆಡ್ಮಾಸ್ತರರು ಒಂದು ಸುತ್ತು ಬಂದು, ಕನ್ನಡಕ ಒರೆಸಿ, ಇನ್ನೊಂದು ಸಲ ಅಳೆದರು. ನಲವತ್ತೆಂಟು.

ಮಾಸ್ತರಿಗೆ ಅಳು ಬಂದುಬಿಟ್ಟಿತು. ಅದೇ ಅಳು ಕೋಪವಾಗಿ, ಖಾಲಿ ಭರಣಿ, ಚಿತ್ರದ ಚೂರು ಎರಡನ್ನೂ ಹಿಡಿದು ಭಟ್ಕಳಕ್ಕೆ ಧಾವಿಸಿದರು.

"ಮೋಸ! ಹಗಲು ದರೋಡೆ! ಇಲ್ಲಿ ನೋಡಿ ಸಾಹೇಬ್ರೆ, ಮೊದಲು ದಪ್ಪ, ಲೇಹ್ಯ ತಿಂದ ಮೇಲೆ ಸಪೂರ! ಚಿತ್ರವೇ ಹೇಳ್ತದೆ!" ಎಂದು ಬೆರಳನ್ನು ಎಡದಿಂದ ಬಲಕ್ಕೆ ಎಳೆದರು.

ಸಾಹೇಬರು ಮೆಲ್ಲಗೆ ಆ ಬೆರಳನ್ನೇ ಹಿಡಿದು ಬಲಗಡೆಯ ಬಡಕಲನ ಮೇಲಿಟ್ಟು, ಭರಣಿಯ ಮೇಲಿಂದ ಎಳೆದು, ನಗುವ ಗುಂಡನ ಹೊಟ್ಟೆಯ ಮೇಲೆ ನಿಲ್ಲಿಸಿದರು.

"ಮಾಸ್ತರೇ, ಉರ್ದು ನಾವು ಇತ್ಲಾಗಿಂದ ಓದೂದು. ಇದು ಮೈ ಬರುವ ಔಷಧಿ."

ಹದಿನೈದು ವರ್ಷ ಒಂದನೇ ಇಯತ್ತೆಗೆ ಓದು ಕಲಿಸಿದ ಮಾಸ್ತರು ಬೆರಳನ್ನು ಇನ್ನೊಂದು ಸಲ ಬಲದಿಂದ ಎಡಕ್ಕೆ ಎಳೆದು ನೋಡಿದರು.

"ಅದಿರ್ಲಿ, ನಿಮ್ಮ ಭಾವ ಹೇಗಿದ್ದಾರೆ?"

"ಗುರುತೇ ಸಿಗೂದಿಲ್ಲ" ಎಂದು ಮಾಸ್ತರು ಬಸ್ಸಿನ ಕಡೆ ನಡೆದರು.

ವಾರ್ಷಿಕೋತ್ಸವದ ಸಂಜೆ ಜಟ್ಟಪ್ಪ ಮಾಸ್ತರಿಗೆ ಸಿಕ್ಕಿದ್ದು ಪರದೆ ಎಳೆಯುವ ಕೆಲಸ. ಹಳೆಯ ಪರದೆ, ಭಾರ ಇದ್ದವರೇ ಬೇಕು ಎಂದರು ಹೆಡ್ಮಾಸ್ತರರು. ಹಗ್ಗ ಹಿಡಿದು ಮರೆಯಲ್ಲಿ ನಿಂತು, ಲಿಂಗಪ್ಪನ ಹಾಡಿಗೆ ಇಡೀ ಸಭೆ ಕಣ್ಣೊರೆಸಿಕೊಳ್ಳುವುದನ್ನು ಮಾಸ್ತರು ನೋಡಿದರು. ಆ ಕಣ್ಣೀರು ತಮ್ಮ ಹಾಡಿಗೆ ಬರಬೇಕಾಗಿತ್ತು. ಆದರೂ ನಿಜ ಹೇಳಬೇಕು, ಅವರೂ ಅತ್ತರು.

ನಾಟಕ ಮುಗಿದಾಗ ಲಿಂಗಪ್ಪ ಕೈ ಮುಗಿದು ಮುಂದೆ ಬಂದ. "ನನ್ನನ್ನು ಕುಚೇಲನನ್ನಾಗಿ ಮಾಡಿದವರು ಈ ಸಭೆಯಲ್ಲೇ ಇದ್ದಾರೆ. ನಮ್ಮ ಮಂಜಕ್ಕ! ಹೊಟೆಲೂಟ ಬಿಟ್ಟು, ಸುಮಾರು ಒಂದು ತಿಂಗಳು ಅವರ ಹುರುಳಿ ಸಾರಿನ ಬುತ್ತಿಯನ್ನೇ ಉಂಡೆ. ತಾನು ಉಪವಾಸ ಬಿದ್ದು ದಿನಾ ಅದನ್ನು ನನಗೆ ಕೊಟ್ಟವನು ಜಟ್ಟಣ್ಣ!"

ಜಟ್ಟಣ್ಣನ ಕೈಯಿಂದ ಹಗ್ಗ ಜಾರಿತು. ಪರದೆ ಧೊಪ್ಪೆಂದು ಕುಚೇಲನ ತಲೆಯ ಮೇಲೆ ಬಿತ್ತು. ಸಭೆ ಚಪ್ಪಾಳೆ ಹೊಡೆಯಿತು. ಮೊದಲ ಸಾಲಿನಲ್ಲಿದ್ದ ಮಂಜಮ್ಮ ಮಾತ್ರ ಎದ್ದು, ಸೀದಾ ಪರದೆಯ ಮರೆಗೆ ಬಂದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ನನ್ನ ಹುರುಳಿ ಸಾರಿಗೆ ಶಕ್ತಿ ಇಲ್ಲ ಅಂತ ನಲವತ್ತು ದಿನ ಅತ್ತೆ. ಈಗ ಸಮಾಧಾನ ಆತು. ಒಂದು ಗಂಡಸನ್ನ ಸಪೂರ ಮಾಡೇ ಮಾಡಿದ್ದೆ. ಗಂಡ ಮಾತ್ರ ಬೇರೆಯವಳ ಗಂಡ, ಅಷ್ಟೇ!"