ಮಹಡಿಯ ಗಡಿಯಾರ

ಹಲಸೂರಿನಲ್ಲಿ ಯಾರನ್ನು ಬೇಕಾದರೂ ಗಂಟೆ ಎಷ್ಟೆಂದು ಕೇಳಿ, ನಮ್ಮಣ್ಣನನ್ನು ಮಾತ್ರ ಕೇಳಬೇಡಿ. "ಯಾವ ಗಂಟೆ? ಮಹಡಿದಾ, ನೆಲದ್ದಾ?" ಎಂದು ಶುರು ಮಾಡಿಬಿಡುತ್ತಾನೆ!

ವಿಮಾನಪುರದ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡಿಕೊಂಡಿದ್ದವನು ನಿವೃತ್ತನಾದ ಮೇಲೆ ಸಾಪೇಕ್ಷತೆಯ ಪುಸ್ತಕ ಹಿಡಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ತಂಗಿ ನನಗೂ ಪಾಠ! ಭೂಮಿಯ ಸೆಳೆತದಿಂದಾಗಿ ಮಹಡಿಯಲ್ಲೂ ನೆಲದಲ್ಲೂ ಕಾಲ ಒಂದೇ ಸಮನೆ ಓಡುವುದಿಲ್ಲವಂತೆ. ನಾನು ಬೇಳೆ ಬೆಂದಿತೇ ಎಂದು ನೋಡುತ್ತಾ ಹೂಂಗುಟ್ಟುತ್ತಿದ್ದೆ.

ಒಮ್ಮೆ ಇಂದಿರಾನಗರಕ್ಕೆ ಹೊರಟಾಗ ಆಟೋದವನಿಗೆ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನಿಂದ ಪೂರ್ವಕ್ಕೆ ಎಷ್ಟು, ದಕ್ಷಿಣಕ್ಕೆ ಎಷ್ಟು ಎಂದು ವಿಳಾಸ ಹೇಳಿದ. ಎಲ್ಲಿಂದ ಅಳೆದರೂ ಊರು ಇದ್ದಲ್ಲೇ ಇರುತ್ತದೆಂದು ವಾದ ಬೇರೆ.

"ಊರು ಬದಲಾಗಲ್ಲ ಸಾರ್, ಮೀಟರ್ ಬದಲಾಗುತ್ತೆ," ಎಂದ ಆಟೋದವನು.

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಗಡಿಯಾರದ ಪೂಜೆ. ಗಾಳಿ ಬರುವ ಮಹಡಿಯ ಕೋಣೆಯನ್ನು ಅಣ್ಣ ತಾನೇ ಇಟ್ಟುಕೊಂಡಿದ್ದನಲ್ಲ, ಅಲ್ಲಿಂದ ತನ್ನ ಗಡಿಯಾರ ನೋಡಿ ಗಂಟೆ ಕೂಗುತ್ತಿದ್ದ. ಕೆಳಗಿನ ಕತ್ತಲ ಕೋಣೆಯಿಂದ ನಾನು ನನ್ನ ಗಡಿಯಾರದ್ದು ಕೂಗುತ್ತಿದ್ದೆ. ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲವೆಂದು ಅವನೇ ಹೇಳುತ್ತಿದ್ದ. ಆದರೂ ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: "ವ್ಯತ್ಯಾಸ ಕಾಣಲಿಲ್ಲ."

ಪಾಪ, ಒಮ್ಮೆಯಾದರೂ ವ್ಯತ್ಯಾಸ ಕಾಣಲಿ ಎಂದುಕೊಂಡೆ. ಒಂದು ಶನಿವಾರ ಗುಡಿಸಲು ಹೋದಾಗ ಮಹಡಿಯ ಗಡಿಯಾರದ ಮುಳ್ಳನ್ನು ಒಂದು ನಿಮಿಷ ಹಿಂದಕ್ಕೆ ತಳ್ಳಿಬಿಟ್ಟೆ!

ಕುಣಿದಾಡುತ್ತಾನೆಂದುಕೊಂಡಿದ್ದೆ. ಅವನೋ, ಗಡಿಯಾರ ಬಿಚ್ಚಿ ನೋಡಿ ಸಮಯ ಸರಿಮಾಡಿಟ್ಟ. ಮರುವಾರ ಕೆಳಗಿನದನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ತೂಗುಹಾಕಿದ. ನಾನು ಬಿಡುತ್ತೇನೆಯೇ? ಈಗ ಮಹಡಿಗೆ ಬಂದದ್ದನ್ನೂ ಹಿಂದಕ್ಕೆ ತಳ್ಳಿದೆ. ಮೂರು ತಿಂಗಳಾಗುವಷ್ಟರಲ್ಲಿ ಕೂಗು ನಿಂತಿತು. ನೋಟ್‌ಬುಕ್ ರದ್ದಿ ಪೇಪರಿನ ಜೊತೆ ಬಿದ್ದಿತ್ತು.

ಯಾಕಣ್ಣ ಎಂದೆ.

"ಮೇಲೆ ಕಾಲ ಬೇಗ ಓಡ್ಬೇಕು ಕಣೆ. ನನ್ ಲೆಕ್ಕದಲ್ಲಿ ಉಲ್ಟಾ ಬರ್ತಿದೆ. ಅಪ್ಪನಿಗಾದ ಹಾಗೆ ನಂಗೂ ಮರೆವು ಶುರುವಾಯ್ತು ಅನ್ಸುತ್ತೆ."

ಪೊರಕೆ ಕೆಳಗಿಟ್ಟು ಎಲ್ಲ ಹೇಳಿಕೊಂಡೆ.

"ಹಿಂದಕ್ಕೆ ಯಾಕೆ ತಳ್ಳಿದೆ?"

"ಮೆಟ್ಲು ಹತ್ತಿದ್ರೆ ನಾನೇ ನಿಧಾನ ಆಗ್ತೀನಿ. ಗಡಿಯಾರ ಆಗಲ್ವಾ ಅನ್ಕೊಂಡೆ."

ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ತಲೆ ನೆಟ್ಟಗಿದೆಯೆಂದು ಗೊತ್ತಾದವನ ನಗು ಅದು. ಆಮೇಲೆ ನೋಟ್‌ಬುಕ್ಕಿನ ಧೂಳು ಕೊಡವುತ್ತಾ ಅಂದ:

"ಪಾಠ ಕೇಳಿದ್ರೆ ತಾನೆ? ನೆಲದ ಹತ್ರ ಕಾಲ ನಿಧಾನ. ಚಿಕ್ಕೋಳು, ನನಗಿಂತ ಒಂಚೂರು ನಿಧಾನವಾಗಿ ಮುದುಕಿ ಆಗ್ಲಿ ಅಂತಾನೇ ನಿಂಗೆ ಕೆಳಗಿನ ರೂಮು ಕೊಟ್ಟಿದ್ದು."

ಗಾಳಿಯ ಕೋಣೆಯನ್ನು ತಾನೇ ಹೊಡೆದುಕೊಂಡನೆಂದು ಅಷ್ಟು ವರ್ಷ ಅವನನ್ನು ಬೈದುಕೊಂಡು ಮಲಗಿದ್ದೆ. ಅದನ್ನು ಮಾತ್ರ ಅವನಿಗೆ ಇನ್ನೂ ಹೇಳಿಲ್ಲ.