ಪ್ರಮಾಣಪತ್ರವಿಲ್ಲದೆ ಸರ್ವರ್ ಸರಿಹೋದ ಬಗ್ಗೆ

ಗಣಕ ಸಹಭಾಗಿತ್ವ ವಿಭಾಗ, ಚಿಕ್ಕಬಳ್ಳಾಪುರ
ಸಂಖ್ಯೆ: ಗಸವಿ/ಸರ್ವರ್/ರಿಪೇರಿ/47/2025-26

ಸುತ್ತೋಲೆ

ವಿಷಯ: ಪ್ರಮಾಣೀಕೃತ ಸರ್ವರ್ ಮತ್ತು ತಂತ್ರಾಂಶ ಪಾಲುದಾರ ಯೋಜನೆಗೆ ಸೇರುವ ಕುರಿತು, ಸೇರದೆಯೇ ಸರ್ವರ್ ಸರಿಪಡಿಸಿದ ಶ್ರೀಮತಿ ಲಾವಣ್ಯ ಅವರ ಕುರಿತು.

ಉಲ್ಲೇಖ: 1) ಲಾವಣ್ಯ ಅವರ ಅರ್ಜಿ (ಮೂರನೇ ಸಲ). 2) ಅದನ್ನು ತಿರಸ್ಕರಿಸಿದ ಈ ಕಚೇರಿಯ ಪತ್ರ (ಮೂರನೇ ಸಲ).

1. ಶ್ರೀಮತಿ ಲಾವಣ್ಯ ಎಂಬುವರು ಚಿಂತಾಮಣಿ ಬಸ್ ನಿಲ್ದಾಣದ ಹಿಂದೆ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದು, ಪಾಲುದಾರರಾಗಲು ಮೂರು ಬಾರಿ ಅರ್ಜಿ ಹಾಕಿರುತ್ತಾರೆ. ಪಾಲುದಾರರಾಗಲು ಪ್ರಮಾಣೀಕೃತ ಸರ್ವರ್ ಮುಟ್ಟಿದ ಅನುಭವ ಬೇಕು, ಮುಟ್ಟಲು ಪಾಲುದಾರರಾಗಿರಬೇಕು. ಇಷ್ಟು ಸರಳ ನಿಯಮ ಅವರಿಗೆ ಅರ್ಥವಾಗದಿರುವುದನ್ನು ವಿಷಾದದಿಂದ ಗಮನಿಸಲಾಗಿದೆ. ಮೂರನೆಯ ತಿರಸ್ಕಾರದ ಪತ್ರ ಕೈಗೆ ಬಂದಾಗ ಅವರಿಗೆ ಅಳು ಬಂದಿತ್ತೆಂದೂ, ಅಂಗಡಿಯಲ್ಲಿ ಗಿರಾಕಿಗಳಿದ್ದುದರಿಂದ ಅದನ್ನು ಮುಂದೂಡಿದರೆಂದೂ ತಿಳಿದುಬಂದಿದೆ.

2. ಕಳೆದ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 9.10ಕ್ಕೆ, ಈ ವಿಭಾಗದ ಶಿಡ್ಲಘಟ್ಟ ಹರಾಜು ಉಪಕೇಂದ್ರದ ಸರ್ವರ್ ಪೂರ್ವಾನುಮತಿ ಇಲ್ಲದೆ ನಿಂತುಹೋಯಿತು. ರೇಷ್ಮೆಗೂಡಿನ ಹರಾಜು ಪರದೆ ಕಪ್ಪಾಯಿತು. ಜಿಲ್ಲೆಯ ಏಕೈಕ ಪ್ರಮಾಣೀಕೃತ ಪಾಲುದಾರರಾದ ಶ್ರೀ ಮೋಹನ್‌ಬಾಬು ಅವರಿಗೆ ಹದಿನಾಲ್ಕು ಕರೆ ಮಾಡಲಾಯಿತು. ಹದಿನೈದನೆಯದಕ್ಕೆ ಅವರು, "ಮದುವೆ ಮನೇಲಿದೀನಿ ಕಣಪ್ಪ, ಆಫ್ ಮಾಡಿ ಆನ್ ಮಾಡಿ, ಆಗ್ಲಿಲ್ಲ ಅಂದ್ರೆ ಆ ಲಾವಣ್ಯಮ್ಮನ್ನ ಕರೀರಿ, ನಾನೂ ಅವ್ರನ್ನೇ ಕೇಳೋದು" ಎಂದು ಪ್ರಮಾಣೀಕೃತ ಸಲಹೆ ನೀಡಿದರು.

3. ಲಾವಣ್ಯ ಸ್ಕೂಟರಿನಲ್ಲಿ ಬಂದರು. ಉಪಕೇಂದ್ರದ ಅಧೀಕ್ಷಕರಾದ ಶ್ರೀ ಕೋನಪ್ಪ ಅವರು ಸರ್ವರ್ ಕೋಣೆಯ ಬಾಗಿಲಿಗೆ ಅಡ್ಡ ನಿಂತು, "ನೋಡ್ಬೋದು ಕಣಮ್ಮ, ಮುಟ್ಟಂಗಿಲ್ಲ" ಎಂದು ನಿಯಮ 6(ಬಿ)ಯನ್ನು ಸರಿಯಾಗಿಯೇ ಅನ್ವಯಿಸಿದರು. ಆಗ ಗೌರಿಬಿದನೂರು ಕಡೆಯಿಂದ ನಸುಕಿಗೇ ಗೂಡು ತಂದು ಕೂತಿದ್ದ ಆದಿಲಕ್ಷ್ಮಮ್ಮ ಎಂಬ ಬೆಳೆಗಾರ್ತಿ ಎದ್ದು ಬಂದು ಆಡಿದ ಮಾತನ್ನು ದಾಖಲೆಗಾಗಿ ಯಥಾವತ್ತು ಕೊಡಲಾಗಿದೆ: "ನಿನ್ನೇನೇ ತರ್ಬೇಕಾಗಿತ್ತು, ತಡವಾಗೋಗಿದೆ ಸ್ವಾಮಿ. ಇವತ್ತು ಬಿಟ್ರೆ ಒಳಗಿನ ಹುಳ ಗೂಡು ತೂತ್ ಮಾಡ್ಕೊಂಡು ಆಚೆ ಬರ್ತದೆ. ಆಮೇಲೆ ಯಾರ್ ತಗೊಂತಾರೆ? ಅದಕ್ಕೂ ನಿಮ್ ಸರ್ಟಿಫಿಕೇಟ್ ತೋರ್ಸಿ ನಿಲ್ಲಿಸ್ತೀರಾ?"

4. ಕೋನಪ್ಪ ಅವರು ಬೀಗದಕೈಯನ್ನು ಮೇಜಿನ ಮೇಲಿಟ್ಟು, "ನಾನ್ ಟೀ ಕುಡಿಯಕ್ಕೆ ಹೋದೆ" ಎಂದು ಯಾರನ್ನೂ ನೋಡದೆ ಘೋಷಿಸಿ ಹೊರಟರು.

5. ಲಾವಣ್ಯ ಅವರು ಸರ್ವರ್ ಬಿಚ್ಚಿ, ಒಳಗಿನ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ತೆಗೆದು, ಗುಮಾಸ್ತರ ಮೇಜಿನ ಪೆನ್ಸಿಲ್ ರಬ್ಬರಿನಿಂದ ಅದರ ಅಂಚಿಗೆ ಹಿಡಿದ ಧೂಳನ್ನು ಉಜ್ಜಿ ತೆಗೆದು ಮತ್ತೆ ಕೂರಿಸಿದರು. ಹನ್ನೆರಡು ನಿಮಿಷದಲ್ಲಿ ಪರದೆ ಬೆಳಗಿತು. ಮಧ್ಯಾಹ್ನದೊಳಗೆ ಆದಿಲಕ್ಷ್ಮಮ್ಮನವರ ಗೂಡು ಒಳ್ಳೆಯ ದರಕ್ಕೆ ಹೋಯಿತು. ಈ ಗಂಭೀರ ಲೋಪದ ಹಿನ್ನೆಲೆಯಲ್ಲಿ ಅಂದೇ ನೋಟೀಸು ಹೊರಡಿಸಿ ಕೆಳಕಂಡಂತೆ ಆದೇಶಿಸಲಾಯಿತು:

(ಅ) ಇನ್ನು ಮುಂದೆ ಕಚೇರಿಯ ಎಲ್ಲ ರಬ್ಬರುಗಳನ್ನು ಸರ್ವರ್ ಬಿಡಿಭಾಗಗಳೆಂದು ಪರಿಗಣಿಸಿ, ಪ್ರಮಾಣೀಕರಿಸತಕ್ಕದ್ದು. ಅಲ್ಲಿಯವರೆಗೆ ನೌಕರರು ತಪ್ಪು ಬರೆಯತಕ್ಕದ್ದಲ್ಲ.
(ಆ) ಅಪ್ರಮಾಣೀಕೃತ ಕೈಯಿಂದ ಸರಿಹೋದ ಸರ್ವರನ್ನು ಕಾಗದದಲ್ಲಿ ಕೆಟ್ಟಿದೆ ಎಂದೇ ನಮೂದಿಸತಕ್ಕದ್ದು. ಕೆಟ್ಟಿರುವ ಸರ್ವರ್ ಕೆಲಸ ಮಾಡುತ್ತಿರುವುದು ಕಂಡುಬಂದಲ್ಲಿ ನೌಕರರು ಆಶ್ಚರ್ಯಪಡತಕ್ಕದ್ದಲ್ಲ.
(ಇ) ಲಾವಣ್ಯ ಅವರು ತಮ್ಮ ರಿಪೇರಿಯನ್ನು ಏಳು ದಿನದೊಳಗೆ ವಾಪಸು ಪಡೆಯತಕ್ಕದ್ದು. ಧೂಳನ್ನು ಅವರೇ ತರತಕ್ಕದ್ದು.

6. ಸದರಿ ನೋಟೀಸನ್ನು ಕೋನಪ್ಪ ಅವರು ಖುದ್ದಾಗಿ ತಲುಪಿಸಿದರು. ಓದಿದ ಲಾವಣ್ಯ ಮೊದಲು ನಕ್ಕರು, ಆಮೇಲೆ ಮುಖ ಗಂಟಿಕ್ಕಿ, "ಸಾಕಾಯ್ತು ಸಾರ್. ನಂಗ್ಯಾವ ಪಾಲುದಾರಿಕೇನೂ ಬೇಡ, ನನ್ ಅರ್ಜಿ ವಾಪಸ್ ಕೊಟ್ಬಿಡಿ" ಎಂದರು. ಅವರಿಗೆ ನಿಜವಾಗಿಯೂ ಸಾಕಾಗಿತ್ತು ಎಂಬುದನ್ನು ಕೋನಪ್ಪ ಅವರು ತಮ್ಮ ವರದಿಯಲ್ಲಿ ಎರಡು ಸಲ ಬರೆದಿದ್ದಾರೆ.

7. ಪರಿಶೀಲಿಸಲಾಗಿ, ಅರ್ಜಿ ಹಿಂಪಡೆಯುವ ನಮೂನೆಗೆ ಪಾಲುದಾರರು ಮಾತ್ರ ಸಹಿ ಮಾಡಬಹುದೆಂದು ಕಂಡುಬಂದಿದೆ. ಆದ್ದರಿಂದ, ಹೊರಹೋಗಲು ಅನುಕೂಲವಾಗುವಂತೆ ಶ್ರೀಮತಿ ಲಾವಣ್ಯ ಅವರನ್ನು ಪ್ರಮಾಣೀಕೃತ ಪಾಲುದಾರರೆಂದು ಅಂಗೀಕರಿಸಿ, ಪ್ರಮಾಣಪತ್ರವನ್ನೂ ಹಿಂಪಡೆಯುವ ನಮೂನೆಯನ್ನೂ ಒಂದೇ ಲಕೋಟೆಯಲ್ಲಿ ಕಳುಹಿಸಲಾಯಿತು.

8. ಪ್ರಮಾಣಪತ್ರಕ್ಕೆ ಅಂದೇ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಲಾಗಿದೆ. ನಮೂನೆಗೆ ಸಹಿ ಪಡೆಯಲು ಕೋನಪ್ಪ ಅವರು ಈವರೆಗೆ ಐದು ಬಾರಿ ಹೋಗಿ ಬಂದಿರುತ್ತಾರೆ. ಪ್ರತಿ ಬಾರಿಯೂ ಅವರಿಗೆ ಸ್ಟೂಲು, ಕಾಫಿ ಕೊಟ್ಟು, "ಪೆನ್ನೇ ಸಿಗ್ತಿಲ್ಲ ಸಾರ್, ನಾಳೆ ಬನ್ನಿ" ಎಂದು ಉತ್ತರಿಸಲಾಗಿದೆ. ಕೋನಪ್ಪ ಅವರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. ಅವುಗಳ ಪ್ರಸ್ತಾಪ ಬರಲಿಲ್ಲ ಎಂದು ವರದಿಯಾಗಿದೆ.

ಸಹಿ/-
(ಓದಲಾಗುತ್ತಿಲ್ಲ)
ಪ್ರಭಾರ ಉಪನಿರ್ದೇಶಕರು

ಪ್ರತಿಗಳು:
1. ಎಲ್ಲ ಉಪಕೇಂದ್ರಗಳಿಗೆ, ಕಟ್ಟುನಿಟ್ಟಾಗಿ ಪಾಲಿಸಲು, ಸಾಧ್ಯವಾದಲ್ಲಿ ಓದಲು.
2. ಶ್ರೀಮತಿ ಲಾವಣ್ಯ, ಪಾಲುದಾರರು (ಸದ್ಯಕ್ಕೆ), ಚಿಂತಾಮಣಿ.
3. ವಿಭಾಗದ ಜಾಲತಾಣಕ್ಕೆ, ಅದು ತೆರೆದುಕೊಂಡ ದಿನ.