ಹಕ್ಕಿ ಲೆಕ್ಕದ ಗುಮಾಸ್ತ

ನಮ್ಮ ಸೀಮೆಯಲ್ಲಿ ಹಾವು ಹಿಡಿದು ಬಂದವನನ್ನಾದರೂ ಜಗುಲಿ ಮೇಲೆ ಕೂರಿಸಿಯಾರು, ರಿಜಿಸ್ಟರ್ ಹಿಡಿದು ಬಂದವನನ್ನು ಕೂರಿಸುವುದಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ನಾನು ದೇವನಹಳ್ಳಿ ಕಡೆಯ ಒಂದು ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ದಾಖಲೆ ಗುಮಾಸ್ತನಾಗಿದ್ದೆ. ಯಾವ ಪ್ರಾಣಿ, ಎಲ್ಲಿ, ಎಷ್ಟು ಎಂದು ಬರೆದಿಡುವುದೇ ಕೆಲಸ. ಪ್ರಾಣಿಗಳು ಒಂದು ದಿನವೂ ನನ್ನನ್ನು ಅನುಮಾನಿಸಲಿಲ್ಲ. ಮನುಷ್ಯರು ಅನುಮಾನಿಸದ ದಿನವೇ ಇರಲಿಲ್ಲ.

ಬಾವಲಿ ಲೆಕ್ಕ

ಒಮ್ಮೆ ನಲ್ಲೂರಿನ ಹುಣಸೆ ತೋಪಿನಲ್ಲಿ ಬಾವಲಿ ಎಣಿಸಲು ಕಳಿಸಿದರು. ಕತ್ತೆತ್ತಿ ಮರ ನೋಡುವುದು, ತಗ್ಗಿಸಿ ಬರೆಯುವುದು. ಊರಿನ ಯಜಮಾನರೊಬ್ಬರು ಬಂದು ಬೆನ್ನ ಹಿಂದೆಯೇ ನಿಂತರು.

“ಏನ್ ಸ್ವಾಮಿ, ಮರ ಹರಾಜಿಗೆ ಬಂತಾ?”

“ಇಲ್ಲ ಯಜಮಾನ್ರೇ, ಬಾವಲಿ ಎಣಿಸ್ತಿದ್ದೀನಿ.”

“ಎಣಿಸಿ?”

“ಬರ್ಕೊಳ್ತೀನಿ.”

“ಬರ್ಕೊಂಡು?”

“ಮುಂದಿನ ತಿಂಗಳು ಬಂದು ಮತ್ತೆ ಎಣಿಸ್ತೀನಿ.”

ಯಜಮಾನರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ನೋಡಪ್ಪಾ, ಸುಳ್ಳು ಹೇಳು, ಬೇಡ ಅನ್ನಲ್ಲ. ನಂಬೋ ಅಂಥದ್ದು ಹೇಳು.”

ಠಾಣೆಗೆ ಹೋದ ಬಾತು

ಚಳಿಗಾಲದಲ್ಲಿ ಕೆರೆಗೆ ಬರುವ ಬಾತುಗಳನ್ನು ಬಲೆ ಹಾಕಿ ಹಿಡಿದು, ಕಾಲಿಗೆ ನಂಬರ್ ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟುಬಿಡುತ್ತಿದ್ದೆವು. ಮುಂದೆ ಎಲ್ಲಿ ಸಿಕ್ಕರೂ ಗುರುತಾಗಲಿ ಅಂತ. ಯುದ್ಧದ ಸಮಯ. ಊರೆಲ್ಲ ಗೂಢಚಾರರದ್ದೇ ಮಾತು. ಅಂಥ ಹೊತ್ತಲ್ಲಿ ಉಂಗುರದ ಬಾತೊಂದು ರೈತನೊಬ್ಬನ ಕೈಗೆ ಸಿಕ್ಕಿತು. ಅವನು ಅದನ್ನು ಕುಕ್ಕೆಯಲ್ಲಿ ಹಾಕಿ ಮುಚ್ಚಿ ನೇರ ಪೊಲೀಸ್ ಠಾಣೆಗೆ ಒಯ್ದುಬಿಟ್ಟ. ಉಂಗುರದ ಮೇಲೆ ನಮ್ಮ ಕೇಂದ್ರದ ವಿಳಾಸವಿತ್ತಲ್ಲ, ನನಗೆ ಕರೆ ಬಂತು.

ದಫೇದಾರರು ಹೇಳಿಕೆ ಬರೆದುಕೊಳ್ಳಲು ಕೂತರು. “ಇದು ಎಲ್ಲಿಂದ ಬಂದಿದ್ದು?”

“ಉತ್ತರದಿಂದ ಸಾರ್. ಹಿಮಾಲಯದ ಆಚೆಯಿಂದ.”

“ಅಂದ್ರೆ, ಗಡಿ ದಾಟಿ?”

“ಪ್ರತಿ ವರ್ಷವೂ ದಾಟುತ್ತೆ ಸಾರ್.”

ದಫೇದಾರರ ಪೆನ್ನು ನಿಂತಿತು. ಬಾತನ್ನು ಒಮ್ಮೆ ದಿಟ್ಟಿಸಿ ನೋಡಿದರು. ಬಾತು ಇವರನ್ನು ನೋಡಿತು. ಆಮೇಲೆ ನನ್ನ ತೋಳು ಹಿಡಿದು ಹೊರಗೆ ಜಗುಲಿಗೆ ಕರೆತಂದು ಪಿಸುಗುಟ್ಟಿದರು: “ಅದಕ್ಕೆ ಕನ್ನಡ ಬರುತ್ತೇನ್ರೀ?”

ಗುಬ್ಬಿ ಮರಿ

ಕುಟುಂಬ ಯೋಜನೆಯವರು ಹಳ್ಳಿ ಹಳ್ಳಿ ತಿರುಗುತ್ತಿದ್ದ ಕಾಲ. ನಾನು ಮನೆಗಳ ಸೂರಿನಲ್ಲಿರುವ ಗುಬ್ಬಿ ಗೂಡು ಎಣಿಸಲು ಸಮೇತನಹಳ್ಳಿಗೆ ಹೋದೆ. ರಿಜಿಸ್ಟರ್ ಕಂಡದ್ದೇ ತಡ, ಮೊದಲ ಮನೆಯ ಗಂಡಸು ಹಿತ್ತಲ ಬಾಗಿಲಿಂದ ಓಟ ಕಿತ್ತ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಈ ವರ್ಷ ಎಷ್ಟು ಮರಿ ತಾಯಿ?” ಅಂದೆ. ಅವಳ ಮುಖ ಕೆಂಪಾಯಿತು. ಅಯ್ಯೋ, ಗುಬ್ಬಿಯದು ಕೇಳಿದ್ದು ಅಂತ ಸೂರು ತೋರಿಸಿದೆ.

ಸೂರಿನ ಕಡೆ ನೋಡಿ ಲೊಚಗುಟ್ಟಿದಳು. “ಪಾಪ, ಅವಕ್ಕೂ ಬಂತಾ ಆಪರೇಷನ್ನು!”

ಮಧುರೆಯ ಹೆಣ್ಣು

ಕಚ್ಚಾ ಟಿಪ್ಪಣಿಯನ್ನು ನಾನು ಕನ್ನಡದಲ್ಲಿ, ಸಣ್ಣ ರಟ್ಟುಗಳ ಮೇಲೆ ಗೀಚಿಕೊಳ್ಳುತ್ತಿದ್ದೆ. ಹಕ್ಕಿಯ ಹೆಸರು ಕಟ್ಟಿನ ಮೇಲಿನ ಚೀಟಿಯಲ್ಲಿ ಮಾತ್ರ. ಒಂದು ಸಲ ಚೀಟಿ ಆಫೀಸಿನಲ್ಲೇ ಉಳಿದು, ಎರಡು ರಟ್ಟು ಷರಟಿನ ಜೇಬಿನಲ್ಲಿ ಮನೆಗೆ ಬಂದವು. ಬಟ್ಟೆ ಒಗೆಯಲು ಹೋದ ನನ್ನ ಹೆಂಡತಿ ಓದಿದಳು.

ಒಂದನೆಯದು: “ಹೆಣ್ಣು. ಕತ್ತು ತೆಳ್ಳಗೆ. ಮಧುರೆ ಕೆರೆ ದಂಡೆ, ಬೆಳಿಗ್ಗೆ ಆರೂವರೆ. ಎಡಗಾಲಿಗೆ ಉಂಗುರ ತೊಡಿಸಿದ್ದಾಯಿತು.”

ಎರಡನೆಯದು: “ಹೋದ ವರ್ಷದ್ದೇ ಹೆಣ್ಣು. ಅದೇ ಜಾಗ. ಈಗ ಮೈ ತುಂಬಿದೆ.”

ನನ್ನನ್ನು ಕೇಳುವ ಬದಲು ತವರಿಗೆ ಹೇಳಿಕಳಿಸಿದಳು. ಎರಡು ದಿನಕ್ಕೆ ದೊಡ್ಡಬಳ್ಳಾಪುರದಿಂದ ಮಾವನವರು ಬಂದಿಳಿದರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

“ಅಳಿಯಂದ್ರೇ, ಮಧುರೆ ಕೆರೆ ಹತ್ರ ಕಾಲಿಗೆ ಉಂಗುರ ಹಾಕಿದ್ದು ನಿಜಾನಾ?”

ಮದುವೆಯಾಗಿ ಆರು ವರ್ಷಕ್ಕೆ ಮಾವನವರು ನನ್ನ ಕೆಲಸದ ವಿಚಾರ ಎತ್ತಿದ್ದು ಅದೇ ಮೊದಲು. ನನಗೆ ಖುಷಿಯೋ ಖುಷಿ.

“ನಿಜ ಮಾವ. ಅದು ನನ್ನ ಡ್ಯೂಟಿ.”

“ಡ್ಯೂಟಿ! ಅವಳೊಬ್ಬಳಿಗೇನಾ, ಇನ್ನೂ ಇದಾರಾ?”

ಖುಷಿಯಲ್ಲಿ ಆ ‘ಅವಳು’ ನನ್ನ ಕಿವಿಗೇ ಬೀಳಲಿಲ್ಲ. “ಈ ಚಳಿಗಾಲಕ್ಕೆ ನಲವತ್ತಾಗಿರಬಹುದು. ದೊಡ್ಡ ಸಾಹೇಬರು ಇನ್ನೂ ಹಾಕು ಅಂತಾರೆ.”

ಒಳಗೆ ಪಾತ್ರೆ ಬಿದ್ದ ಸದ್ದು. ಹಿಂದೆಯೇ ಅಳು. ಮಾವನವರು ರಟ್ಟುಗಳನ್ನು ನನ್ನ ಮುಂದೆ ಎಸೆದಾಗಲೇ ನನಗೆ ಹೊಳೆದದ್ದು. “ಬಾತು ಮಾವ, ಬಾತು!” ಅಂತ ಕೂಗಿಕೊಂಡೆ. ಯಾರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಮಧುರೆ ಕೆರೆಗೆ ಕರೆದೊಯ್ದೆ. ಅವರ ಕಣ್ಣೆದುರೇ ಒಂದು ಹೆಣ್ಣು ಬಾತು ಹಿಡಿದು, ಎಡಗಾಲಿಗೆ ಉಂಗುರ ಒತ್ತಿ, ಹಾರಿಬಿಟ್ಟೆ. ಮಾವನವರು ನಗು ತಡೆಯಲಾರದೆ ಕೆರೆ ಏರಿ ಮೇಲೆ ಕೂತೇಬಿಟ್ಟರು. ಹೆಂಡತಿ ನಗಲಿಲ್ಲ. ಬಾತು ಹಾರಿಹೋದ ಕಡೆಯೇ ನೋಡಿ, ಆಮೇಲೆ ತನ್ನ ಪಾದ ನೋಡಿಕೊಂಡು ಅಂದಳು:

“ಕಂಡ ಕಂಡ ಬಾತಿಗೆಲ್ಲ ಕಾಲುಂಗುರ ಹಾಕ್ತಾ ಕೂತಿದ್ದೀರಿ. ನನ್ನದು ಸವೆದು ಬಿದ್ದುಹೋಗಿ ಎಂಟು ತಿಂಗಳಾಯ್ತು. ಯಾವ ರಿಜಿಸ್ಟರಲ್ಲಿ ಬರೆದಿದ್ದೀರಿ, ತೋರಿಸಿ ನೋಡೋಣ.”